ಕಿಟಕಿ ಯಾಕ ತೆಗೀತೀರಿ?

ನಮ್ಮ ಕಡೆ ಲಾಡ್ಜನ್ನು ಯಾರೂ ಆರಿಸುವುದಿಲ್ಲ. ಕೊನೆಯ ಬಸ್ಸು ತಪ್ಪಿದವನನ್ನು ಲಾಡ್ಜೇ ಆರಿಸಿಕೊಳ್ಳುತ್ತದೆ. ರಾತ್ರಿ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತವನಿಗೆ "ರಾಯಚೂರ ಗಾಡಿ ಹೋತಲ್ರಿ, ಇನ್ನ ಮುಂಜಾನಿಗೇ" ಎಂಬ ತೀರ್ಪು ಬಿದ್ದ ಮೇಲೆ, ರಸ್ತೆಯ ಆಚೆ ಯಾವ ಬೋರ್ಡಿನ ಲೈಟು ಉರಿಯುತ್ತಿರುತ್ತದೋ ಅದೇ ಅವನ ಹೋಟೆಲು. ಬೋರ್ಡಿನ ಒಂದೆರಡು ಅಕ್ಷರ ಕತ್ತಲಾಗಿದ್ದರೂ ತಕರಾರಿಲ್ಲ. ಒಳಗೆ ಹೋಗಿ ಅವನು ಕೇಳುವುದು ಎರಡೇ ಮಾತು: ರೂಮು ಐತೇನು, ಎಷ್ಟು. ಮೂರನೆಯ ಮಾತು ಕೇಳಿದನೆಂದರೆ ಅವನು ನಮ್ಮ ಜಿಲ್ಲೆಯವನಲ್ಲ.

ನಮ್ಮ ಅಳಿಯಂದಿರು ನಮ್ಮ ಜಿಲ್ಲೆಯವರಲ್ಲ. ಹುಟ್ಟಿದ್ದು ಮೈಸೂರು, ಕೆಲಸ ಮ್ಯೂನಿಕ್‌ನಲ್ಲಿ. ಮಾತು ಮೆತ್ತಗೆ, ಊಟ ಮಿತ, ರಾಯಚೂರಿನ ಬಿಸಿಲೆಂದರೆ ಮದುವೆಯ ದಿನದಿಂದ ಅಂಜಿಕೆ. ಚಳಿಗಾಲದ ರಜೆಗೆ ಬರುವ ಮುಂಚೆ ಫೋನು ಮಾಡಿದರು. "ಮಾವ, ಮಸ್ಕಿಯ ಅಶೋಕನ ಶಾಸನ ನೋಡ್ಬೇಕು, ಮುದಗಲ್ ಕೋಟೆ ನೋಡ್ಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರರಲ್ಲಿ ಉಳ್ಕೊಳ್ಳೋದಕ್ಕೆ ಯಾವುದು ವಾಸಿ? ಊರಿನ ಸೆಂಟರ್‌ನಲ್ಲೇ ಇರಲಿ. ಚಿಕ್ಕದಾದ್ರೂ ಪರವಾಗಿಲ್ಲ. ಪ್ರಾಗ್‌ನಲ್ಲಿ ಇದ್ವಲ್ಲ, ಆ ತರಹ."

ಪ್ರಾಗ್‌ನಲ್ಲಿ ಇದ್ದದ್ದು ಹೌದು. ಮಗಳ ಮನೆಗೆಂದು ಹೋದ ನಮ್ಮಿಬ್ಬರನ್ನೂ ಅವರು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಆದರೆ ಊರು ನೋಡಿದ್ದಕ್ಕಿಂತ, ಇಳಿಯಲು ಹೋಟೆಲು ಆರಿಸಿದ್ದೇ ನನಗೆ ಹೆಚ್ಚು ನೆನಪಿದೆ. ಎರಡು ಹೋಟೆಲುಗಳು ಕಣದಲ್ಲಿದ್ದವು. ಒಂದು ಹಳೇಪಟ್ಟಣದ ಚೌಕದ ಹತ್ತಿರ, 1410ರಲ್ಲಿ ಮಾಡಿದ ದೊಡ್ಡ ಗಡಿಯಾರದ ಮಗ್ಗುಲಲ್ಲಿ. ಇನ್ನೊಂದು ಹೊಳೆಯ ಆಚೆ. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಅಡಿಗಲ್ಲು ಹಾಕಿದ ಕಲ್ಲಿನ ಸೇತುವೆ ದಾಟಿ ಹೋಗಬೇಕು. ಮಗಳು ಗಡಿಯಾರದ ಪಕ್ಷ, ಅಳಿಯಂದಿರು ಸೇತುವೆಯ ಪಕ್ಷ. ರೂಮು ಬೀದಿಗೆ ಮುಖ ಮಾಡಿದೆಯೋ ಅಂಗಳಕ್ಕೋ, ಚರ್ಚಿನ ಗಂಟೆ ಎಷ್ಟು ಕೇಳಿಸುತ್ತದೆ, ತಿಂಡಿ ಎಷ್ಟು ಗಂಟೆಯ ತನಕ, ತೊಲೆಗಳು ನಿಜವಾಗಿಯೂ ಹಳೆಯವೋ ಹಳೆಯದರಂತೆ ಮಾಡಿಸಿದ್ದೋ, ದಿಂಬಿನೊಳಗೆ ಯಾವ ಹಕ್ಕಿಯ ಪುಕ್ಕ! ಕನ್ಯೆ ನೋಡಲು ಹೋದಾಗಲೂ ನಮ್ಮ ಮನೆತನದಲ್ಲಿ ಇಷ್ಟು ವಿಚಾರಣೆ ನಡೆದದ್ದಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರೆ ನನ್ನ ಹೆಂಡತಿ ಊಟದ ತಟ್ಟೆ ಅಲ್ಲಿಗೇ ಒಯ್ಯಬೇಕಾಗುತ್ತಿತ್ತು.

ಇಂಥ ಚಿಕ್ಕ, ಚೊಕ್ಕ, ದುಬಾರಿ ಹೋಟೆಲುಗಳಿಗೆ ಬೊಟಿಕ್ ಹೋಟೆಲ್ ಎನ್ನುತ್ತಾರೆ. ಲಂಡನ್ನಿನಲ್ಲಿ 1978ರಲ್ಲಿ ತೆರೆದ ಬ್ಲೇಕ್ಸ್, ನ್ಯೂಯಾರ್ಕಿನಲ್ಲಿ 1984ರಲ್ಲಿ ತೆರೆದ ಮಾರ್ಗನ್ಸ್, ಇವೇ ಈ ವಂಶದ ಮೂಲಪುರುಷರೆಂದು ಅಳಿಯಂದಿರು ವಿವರಿಸಿದರು. ದೊಡ್ಡ ಹೋಟೆಲುಗಳಲ್ಲಿ ಯಾವ ದೇಶಕ್ಕೆ ಹೋದರೂ ಅದೇ ರೂಮು, ಅದೇ ಪರದೆ ಎಂದು ಬೇಸತ್ತವರಿಗಾಗಿ ಇವು ಹುಟ್ಟಿದವಂತೆ. ಇಲ್ಲಿ ಒಂದು ರೂಮಿನಂತೆ ಇನ್ನೊಂದು ಇರಬಾರದು ಎಂಬುದೇ ಮೂಲ ನಿಯಮ. ಆ ಲೆಕ್ಕಕ್ಕೆ ನಮ್ಮ ಲಾಡ್ಜುಗಳು ಲಂಡನ್ನಿಗಿಂತ ಮುಂಚೆಯೇ ಗೆದ್ದಿದ್ದವು. 103ರಲ್ಲಿ ಫ್ಯಾನು ತಿರುಗುತ್ತದೆ, ಟಿವಿ ಇಲ್ಲ. 104ರಲ್ಲಿ ಟಿವಿ ಇದೆ, ರಿಮೋಟು ಕೌಂಟರಿನಲ್ಲಿ. 105ರಲ್ಲಿ ಎರಡೂ ಇವೆ, ಬಾಗಿಲಿಗೆ ಒಳಚಿಲಕವಿಲ್ಲ.

ಪ್ರಾಗ್‌ನಲ್ಲಿ ಕೊನೆಗೆ ಸೇತುವೆಯ ಪಕ್ಷ ಗೆದ್ದಿತು. ಹೋಗಿ ನೋಡಿದರೆ ಲಿಫ್ಟಿಲ್ಲ. ಸುರುಳಿ ಸುತ್ತಿದ ಕಲ್ಲಿನ ಮೆಟ್ಟಿಲು, ನನ್ನ ಮಂಡಿಯೋ ಆ ಮೆಟ್ಟಿಲಿನ ಓರಗೆಯದು. ಲಿಫ್ಟ್ ಇಲ್ಲವೇನಮ್ಮ ಎಂದು ಕೇಳಿಸಿದರೆ ಕೌಂಟರಿನ ಹುಡುಗಿ ಹೆಮ್ಮೆಯಿಂದ ನಕ್ಕು, ಇದು ನೂರಾರು ವರ್ಷದ ಮನೆ ಎಂದಳು. ನಮ್ಮಲ್ಲಿ ಲಿಫ್ಟ್ ಇಲ್ಲದಿದ್ದರೆ ಮ್ಯಾನೇಜರು ತಲೆ ಕೆರೆದುಕೊಂಡು ಐವತ್ತು ರೂಪಾಯಿ ಕಡಿಮೆ ಮಾಡುತ್ತಾನೆ. ಅಲ್ಲಿ ಇಲ್ಲದ ಲಿಫ್ಟಿಗೇ ಜಾಸ್ತಿ ದುಡ್ಡು. ಅದರ ಮೇಲೆ, ಆ ಊರಿನಲ್ಲಿ ಮಲಗಿದ್ದಕ್ಕೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ನಗರಸಭೆಗೆ ಬೇರೆ ತೆರಿಗೆ. ತಿಂಡಿಗೆ ತಣ್ಣಗಿನ ಚೀಸು, ತಣ್ಣಗಿನ ಹಣ್ಣು, ತಣ್ಣಗಿನ ಹಾಲಿನಲ್ಲಿ ನೆನೆಸಿದ ಅವಲಕ್ಕಿಯಂಥದ್ದು. ನನ್ನ ಹೆಂಡತಿ ಚೀಲದಿಂದ ಶೇಂಗಾಚಟ್ನಿಯ ಡಬ್ಬಿ ತೆಗೆದಳು. ಪಕ್ಕದ ಮೇಜಿನವರು ಅದರ ವಾಸನೆಗೆ ತಿರುಗಿ ನೋಡಿದರು. ಆ ಹೋಟೆಲಿಗೆ ಬಂದ ಮೇಲೆ ಅವರಿಗೂ ಖಾರದ ಘಾಟೊಂದು ಸಿಕ್ಕಿದ್ದು ಅಂದೇ ಇರಬೇಕು.

ಒಂದು ಮಾತ್ರ ನನ್ನ ಮನಸ್ಸಿಗೆ ಬಂತು. ನೆರುಡೋವಾ ಎಂಬ ಏರುಬೀದಿಯಲ್ಲಿ ಮನೆಯ ಬಾಗಿಲ ಮೇಲೆ ಚಿತ್ರಗಳಿವೆ: ಮೂರು ಪಿಟೀಲು, ಎರಡು ಸೂರ್ಯ, ಕೆಂಪು ಕುರಿಮರಿ. 1770ರಲ್ಲಿ ಮರಿಯಾ ತೆರೇಸಾ ರಾಣಿಯ ಕಾಲಕ್ಕೆ ಮನೆ ನಂಬರು ಬರುವವರೆಗೆ ಅವೇ ವಿಳಾಸ. ಸಿಂಧನೂರಿನಲ್ಲಿ ಆ ರಾಣಿಯ ಆಜ್ಞೆ ಇನ್ನೂ ಮುಟ್ಟಿಲ್ಲ. "ಗಾಂಧಿ ಸರ್ಕಲ್ ದಾಟ್ರಿ, ಟ್ರ್ಯಾಕ್ಟರ್ ಶೋರೂಮ್ ಬರ್ತದ, ಅದರ ಬಾಜೂಕ ಎಣ್ಣಿ-ಗೊಬ್ಬರದ ಅಂಗಡಿ, ಅದರ ಮ್ಯಾಲೇ ಲಾಡ್ಜು." ಊರ ತುಂಬ ಟ್ರ್ಯಾಕ್ಟರ್ ಶೋರೂಮುಗಳೇ ಇರುವುದರಿಂದ, ಅವುಗಳ ಬಾಜೂಕೆಲ್ಲ ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿಗಳೇ ಇರುವುದರಿಂದ, ಈ ವಿಳಾಸ ಹಿಡಿದು ಹೋದವನಿಗೆ ಊರೆಲ್ಲ ನೋಡಿದ ಪುಣ್ಯ ಬರುತ್ತದೆ.

ಅಳಿಯಂದಿರ ಅಪ್ಪಣೆಯಂತೆ ಸಿಂಧನೂರಿನ ಒಂದು ಲಾಡ್ಜಿಗೆ ಫೋನು ಹಚ್ಚಿದೆ. ಅವರು ಕಳಿಸಿದ ಪ್ರಶ್ನೆಗಳ ಪಟ್ಟಿ ಕೈಯಲ್ಲಿತ್ತು.

"ಕಟ್ಟಡ ಹಳೇದೇನ್ರಿ?"

"ಏ, ಯಾರ್ ಹೇಳಿದ್ರ್ರಿ ನಿಮಗ? ಹ್ವಾದ ವರ್ಷ ಟೈಲ್ಸ್ ಹಾಕ್ಸೇವಿ. ಹೊಸಾದೈತಿ, ಫಳಾಫಳಾ ಅಂತೈತಿ."

"ಸದ್ದುಗದ್ದಲ ಇರಂಗಿಲ್ಲ ಹೌದಲ್ಲೋ?"

"ಬಸ್‌ಸ್ಟ್ಯಾಂಡ್ ಎದುರಿಗೇ ಐತ್ರಿ. ರಾತ್ರೆಲ್ಲಾ ಮಂದಿ ತಿರಗ್ತಿರ್ತಾರ, ಏನೂ ಅಂಜಬ್ಯಾಡ್ರಿ."

"ಕಿಟಕಿಯಿಂದ ಏನು ಕಾಣಸ್ತದ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಹಳ ಕಾಳಜಿಯಿಂದ ಕೇಳಿದ: "ಕಿಟಕಿ ಯಾಕ ತೆಗೀತೀರಿ ಸರ್ರ? ಸೊಳ್ಳಿ ಬರ್ತಾವು."

ಮಾತಿನಲ್ಲಿ ಹುರುಳಿತ್ತು. ಸಿಂಧನೂರಿನ ಸೊಳ್ಳೆಗೆ ಇತಿಹಾಸವಿದೆ. ತುಂಗಭದ್ರೆಗೆ ಅಣೆಕಟ್ಟಾಗಿ 1953ರ ಹೊತ್ತಿಗೆ ನೀರು ನಿಂತು, ಎಡದಂಡೆ ಕಾಲುವೆ ಇತ್ತ ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳಲ್ಲಿ ಭತ್ತದ ನೀರು ನಿಂತಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ದಲ್ಲಾಳಿ, ದಲ್ಲಾಳಿಯ ಹಿಂದೆ ಲಾಡ್ಜು, ಎಲ್ಲರ ಹಿಂದೆ ಸೊಳ್ಳೆ. ಹಾಗಾಗಿ ಅಲ್ಲಿನ ಲಾಡ್ಜಿನ ರಿಜಿಸ್ಟರಿನಲ್ಲಿ 'ಬಂದ ಕಾರಣ' ಎಂಬ ಕಾಲಮ್ಮಿಗೆ ನಾಲ್ಕೈದು ಉತ್ತರಗಳೇ ಇವೆ: ಬೀಜದ ಕಂಪನಿ, ಎಣ್ಣಿ ಕಂಪನಿ, ಟ್ರ್ಯಾಕ್ಟರ್ ಸಾಲದ ಕಂತು ವಸೂಲಿ, ಅಕ್ಕಿ ವ್ಯಾಪಾರ, ಮದುವೆ. ಅಶೋಕನ ಶಾಸನ ನೋಡಲು ಎಂದು ಬರೆಸಿದರೆ ಆಧಾರ್ ಕಾರ್ಡನ್ನು ಎರಡು ಸಲ ತಿರುವಿ ನೋಡುತ್ತಾರೆ. ಬನದ ಹುಣ್ಣಿಮೆಗೆ ಸೋಮಲಾಪುರದ ಅಂಬಾದೇವಿ ಜಾತ್ರೆ ಕೂಡಿದಾಗ ಮಾತ್ರ ದೇವರ ಹೆಸರು ಹೇಳಿ ರೂಮು ಕೇಳಬಹುದು. ಆದರೆ ಆಗ ರೂಮು ಇರುವುದಿಲ್ಲ.

ಲಿಂಗಸುಗೂರಿನ ಗತ್ತೇ ಬೇರೆ. ಅದು ನಿಜಾಮರ ಕಾಲದಲ್ಲಿ ಜಿಲ್ಲೆಯಾಗಿತ್ತು. 1905ರಲ್ಲಿ ಜಿಲ್ಲೆಯನ್ನು ಒಡೆದು ರಾಯಚೂರಿಗೂ ಗುಲಬರ್ಗಕ್ಕೂ ಹಂಚಿದರು. ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡು ಬಿಟ್ಟಿದ್ದ ಊರು. ಜಿಲ್ಲೆ ಹೋಗಿ ನೂರು ವರ್ಷ ಮೀರಿದರೂ, ಮತ್ತೆ ಜಿಲ್ಲೆಯಾಗಬೇಕು ಎಂಬ ಕೂಗು ನಿಂತಿಲ್ಲ. ಹಾಗಾಗಿ ಲಿಂಗಸುಗೂರಿನ ಲಾಡ್ಜಿನವನು ಸಿಂಧನೂರಿನವನಂತೆ ಬರ್ರಿ ಬರ್ರಿ ಎಂದು ಕರೆಯುವುದಿಲ್ಲ. ಅರ್ಜಿ ಸ್ವೀಕರಿಸುವವನಂತೆ ಕೇಳಿಸಿಕೊಳ್ಳುತ್ತಾನೆ. ಕೋರ್ಟಿನ ಕೆಲಸಕ್ಕೆ ಬಂದವರು, ಹಟ್ಟಿ ಚಿನ್ನದ ಗಣಿಯ ಗುತ್ತಿಗೆಯವರು, ನಾರಾಯಣಪುರ ಕಾಲುವೆಯ ಎಂಜಿನಿಯರರು, ಇವರು ಅವನ ಗಿರಾಕಿಗಳು. ಬಿಸಿನೀರು ಉಂಟೇ ಎಂದು ಕೇಳಿದೆ. "ಆರರಿಂದ ಎಂಟು" ಎಂದ. ಎಂಟೂಕಾಲಿಗೆ ಎದ್ದರೆ? "ಎಂಟಕ್ಕ ಬಂದ್" ಎಂದ. ಜಿಲ್ಲಾ ಕೇಂದ್ರದ ಗಾಂಭೀರ್ಯ ಇನ್ನೂ ಹೋಗಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮಸ್ಕಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಅವನಿಗೇ ಫೋನು ಮಾಡಿದೆ. "ಮಸ್ಕ್ಯಾಗ ಯಾಕ ಇಳೀತೀಯೋ? ಈ ಕಡಿ ಲಿಂಗಸುಗೂರಿಗೂ ಬಸ್ ಐತಿ, ಆ ಕಡಿ ಸಿಂಧನೂರಿಗೂ ಐತಿ" ಎಂದ. ಮಸ್ಕಿ ಈಗೀಗ ತಾಲ್ಲೂಕಾದ ಊರು. ಅದಕ್ಕೆ ಮುಂಚೆ ಎರಡು ದೊಡ್ಡೂರುಗಳ ನಡುವೆ ಚಹಾಕ್ಕೆ ಬಸ್ಸು ನಿಲ್ಲುವ ಜಾಗವೆಂದೇ ಬಹಳ ಮಂದಿಗೆ ಗೊತ್ತು. ಚರಿತ್ರೆ ಮಾತ್ರ ಬೇರೆಯೇ ಹೇಳುತ್ತದೆ. ಚೋಳರ ರಾಜೇಂದ್ರನೂ ಕಲ್ಯಾಣದ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಸಂಗಿ ಇದೇ ಮಸ್ಕಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎರಡು ಸೈನ್ಯ ಬಂದವು, ಡೇರೆ ಹೊಡೆದವು, ಹೊಡೆದಾಡಿದವು, ಹೋದವು. ಇಷ್ಟು ಗಿರಾಕಿ ಒಮ್ಮೆಲೆ ಬಂದರೂ ಲಾಡ್ಜಿನ ವ್ಯವಹಾರ ಕುದುರಲಿಲ್ಲ.

ಅದಕ್ಕೂ ಮೊದಲಿನ ದೊಡ್ಡ ಹೆಸರು ಅಶೋಕನದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದವು. ಆ ಬಿರುದಿನ ದೊರೆಯೇ ಅಶೋಕ ಎಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ತೀರ್ಮಾನಿಸಿದರು. ಮುಂದೆ 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರು ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಬರಹ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಓದಿ ಪ್ರಕಟಿಸಿದರು. ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಅಲ್ಲಿತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಹೆಸರು ಸಿಕ್ಕಿತು, ಆದರೆ ಮೊದಲ ಮರ್ಯಾದೆ ಮಸ್ಕಿಯದೇ. ನನಗೆ ಅನ್ನಿಸುವುದೇನೆಂದರೆ, ಲಾಡ್ಜಿನ ರಿಜಿಸ್ಟರಿನಲ್ಲಿ ಬಿರುದಿನ ಜೊತೆಗೆ ನಿಜವಾದ ಹೆಸರನ್ನೂ ಬರೆಯುವ ಸಂಪ್ರದಾಯವನ್ನು ನಮ್ಮ ಜಿಲ್ಲೆಯಲ್ಲಿ ಶುರು ಮಾಡಿದವನು ಅಶೋಕನೇ. ಈಗಿನ ಗಿರಾಕಿಗಳು ಅಷ್ಟನ್ನೂ ಪಾಲಿಸುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. ಇದೇ ಕಿರುಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದರಲ್ಲಿ 256 ಎಂಬ ಅಂಕಿ ಬರುತ್ತದೆ. ಚಕ್ರವರ್ತಿ ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹಲವು ವಿದ್ವಾಂಸರ ಅಭಿಪ್ರಾಯ. 256 ರಾತ್ರಿ ಹೊರಗೆ ಮಲಗಿದವನು ಧರ್ಮದ ಬಗ್ಗೆ ಬರೆಸಿದನೇ ಹೊರತು ಹಾಸಿಗೆಯ ಬಗ್ಗೆ ಚಕಾರವೆತ್ತಲಿಲ್ಲ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೆಂದು ಕಾಣುತ್ತದೆ. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ದಾರಿಯುದ್ದ ಆಲದ ಮರ ನೆಡಿಸಿದ್ದು, ಮಾವಿನ ತೋಪು ಹಾಕಿಸಿದ್ದು, ಬಾವಿ ತೋಡಿಸಿದ್ದು, ತಂಗುಮನೆ ಕಟ್ಟಿಸಿದ್ದು, ಎಲ್ಲವನ್ನೂ ಹೇಳಿಕೊಂಡಿದ್ದಾನೆ. ನೆರಳು, ನೀರು, ತಲೆಯ ಮೇಲೆ ಸೂರು. ನಮ್ಮ ಲಾಡ್ಜಿನ ಬೋರ್ಡುಗಳ ಮೇಲೆ 'ಸಕಲ ಸೌಕರ್ಯ' ಎಂದು ಬರೆಯುವುದರಲ್ಲಿ ಇಂದಿಗೂ ಇಷ್ಟೇ ಅಡಕವಾಗಿದೆ, ನೆರಳೊಂದನ್ನು ಬಿಟ್ಟು.

ಅಳಿಯಂದಿರು ಸುಮ್ಮನೆ ಕೂರಲಿಲ್ಲ. ಅಲ್ಲಿಂದಲೇ ಹುಡುಕಿ, "ಮಾವ, ಸಿಕ್ತು! ಸುರಪುರದಲ್ಲಿ ಟೇಲರ್ ಮಂಜಿಲ್" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆ ಅದು. ಠಕ್ಕರ ಮೇಲೆ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರಾದವನ ಮನೆ. ಪ್ರಾಗ್‌ನವರ ಕೈಗೆ ಸಿಕ್ಕಿದ್ದರೆ ಒಂದೊಂದು ಇಟ್ಟಿಗೆಗೂ ಬೇರೆ ಬಾಡಿಗೆ ಹಾಕುತ್ತಿದ್ದರು. ಆದರೆ ಅದು ಸರ್ಕಾರದ ಅತಿಥಿಗೃಹ. ನಮ್ಮ ಕಡೆ ಇಂಥ ಬಂಗಲೆ, ಐಬಿಗಳಲ್ಲಿ ಖೋಲಿ ಖಾಲಿ ಇದೆಯೋ ಇಲ್ಲವೋ ಎಂಬುದನ್ನು ಮೇಟಿಯನ್ನು ಕೇಳಿದರೆ ತಿಳಿಯುವುದಿಲ್ಲ. ಯಾವ ಸಾಹೇಬರ ಪ್ರವಾಸ ಎತ್ತ ಇದೆ ಎಂದು ಮೊದಲು ತಿಳಿಯಬೇಕು. ಅದೂ ಅಲ್ಲದೆ ಸುರಪುರ ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆ.

ಇಷ್ಟರೊಳಗೆ ವಿಷಯ ಕೈ ಮೀರಿತ್ತು. ನಾನು ಫೋನು ಮಾಡಿದ ಸಿಂಧನೂರಿನ ಲಾಡ್ಜಿನವನಿಗೆ ನನ್ನ ದೊಡ್ಡಪ್ಪನ ಮಗನ ಮಿಲ್ಲಿನಿಂದ ಅಕ್ಕಿ ಹೋಗುತ್ತದೆ. ರಾಯಚೂರಿನವರು ಯಾರೋ ಕಿಟಕಿ ಕೇಳಿದರು ಎಂದು ಅವನು ಮಿಲ್ಲಿನಲ್ಲಿ ಹೇಳಿ ನಕ್ಕಿದ್ದಾನೆ. ದನಿಯ ವರ್ಣನೆಯಿಂದಲೇ ನಮ್ಮಣ್ಣನಿಗೆ ಯಾರೆಂದು ಹೊಳೆದಿದೆ. ಅವನು ಲಿಂಗಸುಗೂರಿನ ನಮ್ಮ ಸೋದರತ್ತೆಗೆ ಸುದ್ದಿ ಮುಟ್ಟಿಸಿದ್ದಾನೆ. ರಾತ್ರಿ ಊಟಕ್ಕೆ ಕೂತಾಗ ಅತ್ತೆಯ ಫೋನು ಬಂತು.

"ಏನಪಾ, ಅಳಿಯನ್ನ ಕರಕೊಂಡು ಬಂದು ಲಾಡ್ಜಿನ್ಯಾಗ ಇಳಸ್ತೀಯಂತ? ಇಳಸಪಾ, ಇಳಸು. ನಾ ಇದ್ದೀನೋ ಹೋಗೀನೋ ಅಂತರ ನೋಡ್ಕಂಡು ಹೋಗು."

ನಂಟರಿರುವ ಊರಿನಲ್ಲಿ ಲಾಡ್ಜಿನಲ್ಲಿ ಇಳಿಯುವುದು ನಮ್ಮ ಕಡೆ ಕ್ಷಮೆ ಇಲ್ಲದ ಅಪರಾಧ. ಮನೆಯಲ್ಲಿ ಹಾಸಿಗೆ ಇಲ್ಲವೆಂದು ಊರಿಗೆಲ್ಲ ಸಾರಿದ ಹಾಗೆ. ಆದ್ದರಿಂದ ಯುರೋಪಿನಲ್ಲಿ ಎರಡು ಹೋಟೆಲುಗಳ ನಡುವೆ ತೂಗುವಂತೆ ಇಲ್ಲಿ ಅತ್ತೆ, ಅಣ್ಣ, ಗೆಳೆಯ ಇವರ ನಡುವೆ ತೂಗಬೇಕು. ಒಂದೇ ವ್ಯತ್ಯಾಸವೆಂದರೆ ಆರಿಸದೆ ಬಿಟ್ಟ ಹೋಟೆಲು ಮುಂದಿನ ಮದುವೆಯಲ್ಲಿ ಎದುರಿಗೆ ಬಂದು ಮುಖ ತಿರುಗಿಸುವುದಿಲ್ಲ. ಹೆಂಡತಿ ಕ್ಯಾಲೆಂಡರು ಕೆಳಗಿಳಿಸಿದಳು. ಲಿಂಗಸುಗೂರಿಗೆ ಎರಡು ರಾತ್ರಿ, ಏಕೆಂದರೆ ಅತ್ತೆ ಹಿರಿಯಳು. ಸಿಂಧನೂರಿಗೆ ಒಂದು. ಮಸ್ಕಿಯ ಗೆಳೆಯನಿಗೆ ಒಂದು ಮಧ್ಯಾಹ್ನದ ಊಟ.

ಅತ್ತೆಯ ಮನೆ ನೋಡಿ ಅಳಿಯಂದಿರು ಬಾಯಿ ತೆರೆದು ನಿಂತರು. ಮಣ್ಣಿನ ಮಾಳಿಗೆ, ಮೊಳ ದಪ್ಪದ ಗೋಡೆ, ಕೆತ್ತನೆಯ ಕಂಬ, ನಡುವೆ ಬೆಳಕಿಂಡಿ. ಒಂದು ಖೋಲಿಯಂತೆ ಇನ್ನೊಂದಿಲ್ಲ: ಒಂದರಲ್ಲಿ ಜೋಳದ ಚೀಲ, ಇನ್ನೊಂದರಲ್ಲಿ ತೊಗರಿಯ ಚೀಲ. ಕಿಟಕಿ ತೆರೆದರೆ ಎಮ್ಮೆ. ಮೂರು ಹೊತ್ತೂ ಅದೇ ನೋಟ, ಸಂಜೆ ಮಾತ್ರ ಕರುವೂ ಇರುತ್ತದೆ. ಮುಂಜಾನೆ ಮಂಡಾಳ ಒಗ್ಗರಣಿ, ಮಿರ್ಚಿ. ಮಧ್ಯಾಹ್ನ ಬಿಸಿರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ. ಸಾಕು ಎಂಬ ಮಾತನ್ನು ಅತ್ತೆ ಯಾವ ಭಾಷೆಯಲ್ಲಿ ಹೇಳಿದರೂ ಒಪ್ಪುವುದಿಲ್ಲ. ಮೈಸೂರಿನ ಮಿತ ಊಟ ಮೊದಲ ದಿನವೇ ಮುಗಿಯಿತು. ಮುದಗಲ್ ಕೋಟೆಯನ್ನು ಅಳಿಯಂದಿರು ಹೊಟ್ಟೆ ಹಿಡಿದುಕೊಂಡೇ ಹತ್ತಿದರು. ಅಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ವಿಜಯನಗರದ ದೇವರಾಯನೂ ಬಹಮನಿ ಫಿರೋಜ್ ಷಾನೂ ಯುದ್ಧಕ್ಕೆ ನಿಂತ ಕಥೆಯನ್ನು ಫೆರಿಷ್ತಾ ಬರೆದಿದ್ದಾನೆಂದು ನಾನು ಹೇಳುತ್ತಿದ್ದರೆ, ಅವರು ನೆರಳು ಹುಡುಕುತ್ತಿದ್ದರು.

ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಕೂತಾಗ ಅವರು ಅತ್ತೆಯನ್ನು ಕೇಳಿದರು. "ಅಜ್ಜಿ, ಈ ಮನೆಗೆ ಎಷ್ಟು ವರ್ಷ ಆಗಿದೆ? ಎಷ್ಟು ಹಳೇ ಮನೆ!"

ಅತ್ತೆಗೆ ಮುಖ ಸಣ್ಣದಾಯಿತು. "ಹಳೇದು ಖರೇ ಬಿಡಪಾ. ಇದೊಂದ್ಸಲ ಸಾವರಿಸ್ಕೋ. ಮುಂದಿನ ವರ್ಷ ಬರೂದ್ರೊಳಗ ಕೆಡವಿ ಆರ್‌ಸಿಸಿ ಹಾಕಸ್ತೀವಿ. ಅಟ್ಯಾಚ್ ಬಾತ್‌ರೂಮು, ಟೈಲ್ಸು, ಎಲ್ಲಾ ಬರ್ತಾವು."

ಬೇಡ ಅಜ್ಜಿ ಎಂದು ಅಳಿಯಂದಿರು ಅರ್ಧ ತಾಸು ವಾದಿಸಿದರು. ಪ್ರಾಗ್‌ನಲ್ಲಿ ಇಂಥ ತೊಲೆಗೆ ಎಷ್ಟು ಕೊಡುತ್ತಾರೆ ಎಂದೂ ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಹಂಗಾರ ತೊಲಿ ಮಾರಾಕ ಗಿರಾಕಿ ನೋಡು" ಎಂದಳು.

ಸಿಂಧನೂರಿನ ಅಣ್ಣನ ಮನೆ ಹೊಸದು: ಎಸಿ, ಲಿಫ್ಟು, ಕಿಟಕಿಗೆಲ್ಲ ಸೊಳ್ಳೆಜಾಲರಿ. ಅಲ್ಲಿ ಯಾವ ಕುಂದೂ ಇರಲಿಲ್ಲ, ಅಳಿಯಂದಿರಿಗೆ ಹೇಳಿಕೊಳ್ಳಲು ಏನೂ ಸಿಗಲಿಲ್ಲ. ಆದರೆ ವೈನಿ ಬೆರಳು ಮಡಿಚಿ ಲೆಕ್ಕ ಹಾಕಿದಳು: "ಅಲ್ಲೆ ಎರಡು ರಾತ್ರಿ, ನಮ್ಮಲ್ಲೆ ಒಂದಾ?" ಮಕ್ಕಳ ವಿಮಾನದ ತಾರೀಖು ಬದಲಿಸುವಂತಿರಲಿಲ್ಲ. ಅವರಿಬ್ಬರನ್ನು ಬೆಂಗಳೂರಿನ ಬಸ್ಸಿಗೆ ಹತ್ತಿಸಿ, ಬಾಕಿ ಉಳಿದ ಆ ಒಂದು ರಾತ್ರಿಯನ್ನು ನಾವು ಗಂಡ ಹೆಂಡತಿ ಮಲಗಿ ತೀರಿಸಿದೆವು. ಮಸ್ಕಿಯ ಗೆಳೆಯ ಮಾತ್ರ ಊಟಕ್ಕಷ್ಟೇ ಬಂದಿರೆಂದು ಮುನಿಸಿಕೊಂಡಿದ್ದಾನೆ. ಬಸ್ಸು ತಪ್ಪಿತೆಂದು ಸುಳ್ಳು ಹೇಳಿಯಾದರೂ ಅವನ ಮನೆಯಲ್ಲಿ ಯುಗಾದಿಯೊಳಗೆ ಒಂದು ರಾತ್ರಿ ಮಲಗಿ ಬರಬೇಕು.